ಹಗೇವು – ಕಂತು ೯: ಹದಿನಾಲ್ಕು ‘ಹೌದು’

“ಆರನೇ ಪ್ರಶ್ನೆ ಇನ್ನೊಮ್ಮೆ ಓದ್ರಿ,” ಎಂದೆ.

“ಮೂರು ಸಲ ಓದೇನ್ರಿ ಬಾಯಾರ.” ಪಿಎಸ್‌ಐ ಚನ್ನೇಶ ಕಾಗದದಿಂದ ತಲೆ ಎತ್ತಲಿಲ್ಲ.

“ನಾಲ್ಕನೇ ಸಲ ಓದ್ರಿ. ನನಗ ವಯಸ್ಸಾಗ್ಯದ.”

ವಯಸ್ಸಾಗಿರುವುದು ನಿಜ, ಕಿವಿಗೆ ಮಾತ್ರ ಏನೂ ಆಗಿಲ್ಲ. ವಿಮಲಾಬಾಯಿ ಎಂಬ ನಾನು ಮೂವತ್ತೊಂದು ವರ್ಷ ಕೋರ್ಟುಗಳಲ್ಲಿ ಸ್ಟೆನೋ ಆಗಿ ಸಾಕ್ಷಿದಾರರ ಮಾತು ಬರೆದುಕೊಂಡವಳು. ನಿವೃತ್ತಿಯಾದ ಮೇಲೆ ಹಾನಗಲ್ಲಿನ ವಕೀಲ ಸುಶೀಂದ್ರನ ಆಫೀಸಿಗೆ ಟೈಪ್ ಮಾಡಲು ಸೇರಿದೆ. ಈಗ ಅವನ ಕಕ್ಷಿದಾರರಿಗಾಗಿ ಊರೂರು ತಿರುಗಿ ಮೂಗು ತೂರಿಸುವುದೇ ನನ್ನ ಕೆಲಸವಾಗಿದೆ.

ಚನ್ನೇಶ ಓದಿದ. “‘ಚನ್ನವೀರಪ್ಪನವರು ಹಗೇವಿಗೆ ಇಳಿಯುವ ಮೊದಲು ನೀನು ಕಂದೀಲು ಇಳಿಬಿಟ್ಟು ನೋಡಿದೆಯಾ?’ ಉತ್ತರ, ‘ಹೌದು.’”

“ಈಗ ಹನ್ನೊಂದನೇದ್ದು.”

“‘ಕಂದೀಲು ಇಳಿಬಿಡದೆಯೇ ಅವರನ್ನು ಒಳಗೆ ಇಳಿಸಿದೆ, ಅಲ್ಲವೇ?’ ಉತ್ತರ...” ಅವನ ದನಿ ಸ್ವಲ್ಪ ಇಳಿಯಿತು. “‘ಹೌದು.’”

“ಕಂದೀಲು ಬಿಟ್ಟೂ ಇಳಿಸ್ಯಾಳ, ಬಿಡದನೂ ಇಳಿಸ್ಯಾಳ. ಭಾಳ ಶಾಣ್ಯಾ ಕೊಲೆಗಾತಿ ಇದ್ದಾಳ.”

“ಗಾಬರಿ ಆಗಿರ್ತಾರ್ರಿ. ಒಂದು ಮಾತು ಹಿಂದ ಮುಂದ ಆಗ್ತೈತಿ. ಹದಿನಾಲ್ಕು ಪ್ರಶ್ನೆ ಕೇಳೇನಿ, ಹದಿನಾಲ್ಕಕ್ಕೂ ಹೌದು ಅಂದಾಳ. ಇನ್ನೇನು ಬೇಕ್ರಿ?”

“ಹೌದು ಅಂದಳೋ, ಹೂನ್ರಿ ಅಂದಳೋ?”

“ಎರಡೂ ಒಂದ ಅಲ್ಲೇನ್ರಿ?”

ಈ ಮಾತಿಗೆ ಚನ್ನೇಶನ ಮೇಲೆ ಸಿಟ್ಟಾಗಲು ನನಗೆ ಹಕ್ಕಿಲ್ಲ. ನಮ್ಮ ಭಾಗದಲ್ಲಿ ಕತೆ ಕೇಳುವ ಮಗು ಹೂಂಗುಡುತ್ತದೆ, ಬೈಗುಳ ತಿನ್ನುವ ಆಳು ಹೂನ್ರಿ ಎನ್ನುತ್ತಾನೆ, ಫೋನಿನ ಆಚೆಯವರು ಮಾತಾಡುವಷ್ಟು ಹೊತ್ತೂ ನಾವು ಹೂನ್ರಿ, ಹೂನ್ರಿ ಎನ್ನುತ್ತಲೇ ಇರುತ್ತೇವೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅದರ ಅರ್ಥ, ಒಪ್ಪಿದೆ ಎಂದಲ್ಲ. ಇದು ಗೊತ್ತಿದ್ದೂ ಕಟಕಟೆಯಲ್ಲಿ ನಿಂತವರು ಹೂನ್ರಿ ಎಂದಾಗಲೆಲ್ಲ ನನ್ನ ಬೆರಳುಗಳು ‘ಹೌದು, ನಿಜ’ ಎಂದೇ ಟೈಪ್ ಮಾಡಿವೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನರ ಮಾತು ಕೆಡಿಸಿದ್ದೇನೋ.

ಚನ್ನಬೆಳಗು ಬಾಲನಿಲಯ ಕಟ್ಟಿದ ಎಪ್ಪತ್ತೆಂಟು ವರ್ಷದ ಚನ್ನವೀರಪ್ಪನವರು ಅದೇ ನಿಲಯದ ಹಿತ್ತಲ ಹಗೇವಿನ ತಳದಲ್ಲಿ ಹೆಣವಾಗಿ ಸಿಕ್ಕು ಇವತ್ತಿಗೆ ಮೂರು ದಿನ.

ನೆಲದಡಿ ಜೋಳ ತುಂಬಿಡುವ ಹಗೇವನ್ನು ವರ್ಷಗಟ್ಟಲೆ ಮುಚ್ಚಿಟ್ಟು ತೆರೆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಕಂದೀಲು ಇಳಿಬಿಡಬೇಕು. ಅದು ಆರಿಹೋದರೆ ಮನುಷ್ಯ ಇಳಿಯಬಾರದು. ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದ ಚನ್ನವೀರಪ್ಪನವರಿಗೆ ಇಷ್ಟು ಗೊತ್ತಿರಲಿಲ್ಲವೆಂದರೆ ನಾನು ನಂಬುವವಳಲ್ಲ. ಯಾರೋ ‘ಕಂದೀಲು ಬಿಟ್ಟು ನೋಡೇವ್ರಿ, ಇಳೀರಿ’ ಎಂದಿದ್ದಾರೆ. ಅವರು ಇಳಿದ ಮೇಲೆ ಅದೇ ಯಾರೋ ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದಾರೆ.

ಆ ಯಾರೋ ಸವಿತಾ ಎಂದು ಚನ್ನೇಶ ಹೇಳುತ್ತಾನೆ. ಐದನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಆ ನಿಲಯದಲ್ಲಿ ಬೆಳೆದವಳು, ಈಗ ಇಪ್ಪತ್ತೊಂಬತ್ತು. ಸವಣೂರಿನಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತ ಏಳು ವರ್ಷದ ಮಗಳು ಶ್ವೇತಾಳನ್ನು ಒಬ್ಬಳೇ ಸಾಕುತ್ತಿದ್ದಾಳೆ. ಸಾವಾದ ದಿನ ಬೆಳಿಗ್ಗೆ ನಿಲಯದ ಗೇಟಿನ ಮುಂದೆ ಅವಳು ನಿಂತಿದ್ದನ್ನು ಇಬ್ಬರು ನೋಡಿದ್ದಾರೆ. ಹದಿನೈದು ವರ್ಷ ಅತ್ತ ಕಡೆ ಮುಖ ಹಾಕದವಳು ಅವತ್ತು ಯಾಕೆ ಹೋದಳು? ಅದನ್ನು ಅವಳು ಪೊಲೀಸರಿಗೂ ಹೇಳಿಲ್ಲ, ನಮಗೂ ಹೇಳಿಲ್ಲ. ನಮ್ಮ ಕಕ್ಷಿದಾರಳು ಎಂದು ನಾನು ಅವಳ ಮೇಲಿನ ಅನುಮಾನವನ್ನು ಕೈಬಿಟ್ಟಿಲ್ಲ. ಸುಳ್ಳುಗಾರರ ಮಾತನ್ನೇ ಬರೆದು ಪಿಂಚಣಿ ತೆಗೆದುಕೊಳ್ಳುವ ಹೆಂಗಸಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

“ಪೊಲೀಸರ ಮುಂದ ಕೊಟ್ಟ ಹೇಳಿಕಿ ಕೋರ್ಟಿನ್ಯಾಗ ನಿಲ್ಲೂದಿಲ್ಲ ಅನ್ನೂದು ನಿಮಗೂ ಗೊತ್ತದ, ನನಗೂ ಗೊತ್ತದ,” ಎಂದೆ.

“ಅದಕ್ಕ ಮೂರು ಗಂಟೇಕ್ಕ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಾಕತ್ತೇನಿ. ಅಲ್ಲಿ ಹೇಳಿದ್ದು ನಿಲ್ತೈತಿ.”

ನನ್ನ ಅವಸರಕ್ಕೆ ಇದೇ ಕಾರಣ. ಮ್ಯಾಜಿಸ್ಟ್ರೇಟರು ಕಾನೂನಿನ ಪ್ರಕಾರ ಎಲ್ಲ ಎಚ್ಚರಿಕೆಗಳನ್ನೂ ಕೊಡುತ್ತಾರೆ. ‘ನೀನು ಹೇಳಲೇಬೇಕೆಂದಿಲ್ಲ, ತಿಳಿಯಿತೇ?’ ಹೂನ್ರಿ. ‘ಯಾರೂ ಹೆದರಿಸಿಲ್ಲವಷ್ಟೇ?’ ಹೂನ್ರಿ. ‘ನೀನೇ ಮಾಡಿದೆಯಾ?’ ಹೂನ್ರಿ. ಮೂರೂವರೆಗೆ ಅವಳ ಕತೆ ಮುಗಿಯುತ್ತದೆ. ಶ್ವೇತಾಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವಳನ್ನು ಯಾವುದಾದರೂ ನಿಲಯಕ್ಕೇ ಸೇರಿಸಬೇಕು, ಮತ್ತು ಹತ್ತಿರದ ನಿಲಯ ಯಾವುದೆಂದು ಹೇಳಬೇಕಾಗಿಲ್ಲ.

ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು.

*

ಮಹಿಳೆಯರ ಕೋಣೆಯಲ್ಲಿ ಸವಿತಾ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆ ಮುಖ ಮಾಡಿ ನೆಲದ ಮೇಲೆ ಕುಳಿತಿದ್ದಳು. ಅವಳಿಂದ ಸ್ವಲ್ಪ ದೂರದಲ್ಲಿ, ತಾನೂ ನೆಲದ ಮೇಲೆಯೇ, ಮೃಣಾಲಿನಿ. ನನ್ನ ತಂಗಿಯ ಮಗಳು, ಶಿಗ್ಗಾಂವಿಯಲ್ಲಿ ಮನೋರೋಗದ ಡಾಕ್ಟರು. ನಿನ್ನೆ ಅನುಮತಿ ಪಡೆದು ಎರಡು ತಾಸು ಇವಳ ಜೊತೆ ಕುಳಿತು ಹೋಗಿದ್ದಳು. ಇವತ್ತು ರೋಗಿಗಳನ್ನು ಬಿಟ್ಟು ಮತ್ತೆ ಬಂದಿದ್ದಳು.

ಚನ್ನೇಶ ಬಾಗಿಲನ್ನು ಜೋರಾಗಿ ತಳ್ಳಿದ. ಅದು ಗೋಡೆಗೆ ಬಡಿದ ಸಪ್ಪಳಕ್ಕೆ ನಾನೇ ಬೆಚ್ಚಿಬಿದ್ದೆ. ಸವಿತಾ ಬೆಚ್ಚಲಿಲ್ಲ. ಇದ್ದಲ್ಲಿಯೇ ಮರಗಟ್ಟಿದಳು, ಕಣ್ಣಿನ ರೆಪ್ಪೆ ಕೂಡ ಆಡಲಿಲ್ಲ.

“ನೋಡ್ರಿ,” ಎಂದ ಚನ್ನೇಶ. “ಹೆಣಾ ತೋರಿಸಿದಾಗೂ ಹಿಂಗ ನಿಂತಿದ್ಲು. ಸಾಕಿದ ಮನುಷ್ಯಾ ಸತ್ತ ಬಿದ್ದಾನ, ಕಣ್ಣಾಗ ಒಂದ ಹನಿ ನೀರಿಲ್ಲ. ಇದಕ್ಕೇನಂತೀರಿ ಡಾಕ್ಟರ?”

“ಅಂಜಿಕಿ ಅಂತೇನಿ,” ಎಂದಳು ಮೃಣಾಲಿನಿ. “ಅಂಜಿಕಿ ಎಲ್ಲಾರಿಗೂ ಒಂದ ನಮೂನಿ ಕಾಣಿಸೂದಿಲ್ಲ. ಕೆಲವರು ಒದರತಾರ, ಕೆಲವರು ಓಡತಾರ. ಸಣ್ಣಾಕಿದ್ದಾಗ ಒದರಿದ್ರೂ ಓಡಿದ್ರೂ ಉಪಯೋಗ ಆಗ್ಲಿಲ್ಲಂದ್ರ, ದೇಹ ಸುಮ್ಮನಿರೂದನ್ನ ಕಲೀತದ.”

“ಇಪ್ಪತ್ತೊಂಬತ್ತಾತ್ರಿ ಆಕಿಗೆ. ಇನ್ನೂ ಸಣ್ಣಾಕೇನು?”

“ಆಕಿ ದೊಡ್ಡಾಕಿ. ತಲಿಯೊಳಗಿನ ಅಪಾಯದ ಗಂಟಿ ಮಾತ್ರ ಐದು ವರ್ಷದಾಕಿ ಇದ್ದಾಗ ಹೆಂಗ ಕಟ್ಟಿದ್ರೋ ಹಂಗ ಬಾರಿಸ್ತದ. ಆ ವಯಸ್ಸಿನ್ಯಾಗ ಮೆದುಳು ಇನ್ನೂ ಬೆಳೀಲಿಕ್ಕತ್ತಿರ್ತದ. ದಿನಾ ಅಂಜಿಕಿ ಇತ್ತಂದ್ರ ಅಂಜಿಕಿ ಗುರುತು ಹಿಡಿಯೋ ಭಾಗ ಭಾಳ ಚುರುಕಾಗ್ತದ. ‘ತಡಿ, ವಿಚಾರ ಮಾಡೂಣು’ ಅನ್ನೋ ಭಾಗಕ್ಕ ಸುದ್ದಿ ಮುಟ್ಟೂದರೊಳಗ ಬಾಯಿ ಉತ್ತರಾ ಕೊಟ್ಟು ಮುಗಿಸಿರ್ತದ. ನಿಮ್ಮ ಹದಿನಾಲ್ಕು ಪ್ರಶ್ನೆಗೆ ಉತ್ತರಾ ಕೊಟ್ಟದ್ದು ಆ ಬಾಯಿ.”

ಚನ್ನೇಶ ಕುರ್ಚಿ ಎಳೆದುಕೊಂಡು ಕುಳಿತ. ಮನುಷ್ಯ ದಡ್ಡನಲ್ಲ, ಅದೇ ನನಗೆ ತೊಂದರೆ. “ನಿಮ್ಮ ಮಾತ ಹಿಡಕೊಂಡ ಕೇಳ್ತೇನಿ. ಸಣ್ಣಾಕಿದ್ದಾಗ ಅಷ್ಟು ಕಾಡಿಸಿದ ಮುದುಕ ಎದುರಿಗೆ ಸಿಕ್ಕ. ವಿಚಾರ ಮಾಡೂದರೊಳಗ ಬಾಯಿ ಮಾತಾಡ್ತಿದ್ರ, ವಿಚಾರ ಮಾಡೂದರೊಳಗ ಕೈ ಏಣಿ ಎಳೀಬಾರದೇನ್ರಿ?”

ನಾನು ಮೃಣಾಲಿನಿಯ ಮುಖ ನೋಡಿದೆ. ಈ ಪ್ರಶ್ನೆಯನ್ನು ನಾನೂ ನಿನ್ನೆ ರಾತ್ರಿ ಊಟದ ತಾಟಿನ ಮುಂದೆ ಕೇಳಿದ್ದೆ.

“ಎಳೀಬಹುದು,” ಎಂದಳು ಅವಳು. ಸುಳ್ಳು ಹೇಳುವುದು ಆ ಹುಡುಗಿಗೆ ಬರುವುದಿಲ್ಲ, ನಮ್ಮ ವಂಶಕ್ಕೆ ಹೊರತಾದ ಗುಣ. “ಆಕಿ ಮಾಡಿಲ್ಲಂತ ನನ್ನ ವಿಜ್ಞಾನ ಹೇಳೂದಿಲ್ಲ. ಮಾಡ್ಯಾಳಂತನೂ ಹೇಳೂದಿಲ್ಲ. ಅಂಥಾ ಬಾಲ್ಯಾ ಕಳದು ಯಾರ ತಂಟಿಗೂ ಹೋಗದ ಬದುಕಿದ ಮಂದಿನ್ನ ನಾ ದಿನಾ ನೋಡ್ತೇನಿ. ಈ ಕಾಗದದೊಳಗಿನ ಉತ್ತರಾ ಆಕಿವಲ್ಲ, ಅಷ್ಟ ನಾ ಹೇಳೂದು.”

“ತೋರಿಸ್ರಿ ಹಂಗಾರ.”

“ನಾವಲ್ಲ, ನೀವ ತೋರಸ್ರಿ,” ಎಂದೆ ನಾನು. “ನಿನ್ನೆ ಹೆಂಗ ಕೇಳಿದ್ರಿ, ಅದ ದನಿಯಾಗ ಕೇಳ್ರಿ. ನಾ ಹೇಳಿದ ಪ್ರಶ್ನೆ.” ಅವನ ಕಿವಿಯಲ್ಲಿ ಹೇಳಿದೆ. ಅವನು ನನ್ನನ್ನು ಹುಚ್ಚಿಯಂತೆ ನೋಡಿದ.

ಆದರೂ ಎದ್ದು ನಿಂತ. ಟೋಪಿ ಹಾಕಿಕೊಂಡ. “ಏ ಸವಿತಾ! ಹೋದ ಸೋಮವಾರ ಹಾನಗಲ್ಲ ಬಸ್‌ಸ್ಟ್ಯಾಂಡ್ ಹೊತ್ಕೊಂಡು ಹೋಗಿ ಮಾರಿದಾಕಿ ನೀನ ಏನ?”

“ಹೂನ್ರಿ,” ಎಂದಳು ಸವಿತಾ.

ಬಾಗಿಲಲ್ಲಿದ್ದ ಪೇದೆ ನಕ್ಕ. ಮತ್ಯಾರೂ ನಗದ್ದನ್ನು ಕಂಡು ಸುಮ್ಮನಾದ. ಚನ್ನೇಶ ಮತ್ತೆ ಕುಳಿತು, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

ಆಗ ಮೃಣಾಲಿನಿ ಕುಳಿತಲ್ಲಿಂದಲೇ, ಅವಳ ಮುಖ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು. “ಸವಿತಾ, ಚಹಾ ಬೇಕೇನವಾ? ಅವಸರಿಲ್ಲ, ವಿಚಾರ ಮಾಡಿ ಹೇಳು.”

ನಾವೆಲ್ಲ ಕಾಯ್ದೆವು. ಹೊರಗೆ ಯಾವುದೋ ಬಸ್ಸು ಹಾರನ್ ಹೊಡೆದು ಹೋಯಿತು, ಯಾರೋ ದೂರು ಕೊಡಲು ಬಂದವರು ಗದ್ದಲ ಮಾಡಿದರು. ಒಂದು ನಿಮಿಷವೇ ಕಳೆದಿರಬೇಕು.

“ಬ್ಯಾಡ್ರಿ,” ಎಂದಳು ಸವಿತಾ.

ಬೇಡ ಎನ್ನಲು ಆ ಹೆಣ್ಣುಮಗಳಿಗೆ ಒಂದು ನಿಮಿಷ ಬೇಕು. ಆ ಒಂದು ನಿಮಿಷವನ್ನು ಇಷ್ಟು ವರ್ಷ ಯಾರೂ ಅವಳಿಗೆ ಕೊಟ್ಟಿರಲಿಲ್ಲ.

“ಇದನ್ನ ಎಲ್ಲಿ ಕಲಿತಾಳ್ರಿ?” ಚನ್ನೇಶನ ದನಿ ತಗ್ಗಿತ್ತು.

ಮೃಣಾಲಿನಿ ನಿನ್ನೆ ಕೇಳಿದ್ದನ್ನು ಹೇಳಿದಳು. ನಿಲಯದಲ್ಲಿ ತಪ್ಪು ಮಾಡಿದ ಮಕ್ಕಳನ್ನು ಖಾಲಿ ಹಗೇವಿಗೆ ಇಳಿಸುತ್ತಿದ್ದರು. ಕತ್ತಲೆ. ಎಷ್ಟೋ ಹೊತ್ತಿಗೊಮ್ಮೆ ಮೇಲಿನಿಂದ ಹೆಸರು ಹಿಡಿದು, ಎಳೆದು, ಒಂದು ಕರೆ ಬರುತ್ತಿತ್ತು. ‘ಸವಿತಾಽ... ಅದೀಯೇನ?’ ತಕ್ಷಣ ‘ಹೂನ್ರಿ’ ಎನ್ನಬೇಕು. ತಡವಾದರೆ ಹಗೇವಿನ ಬಾಯಿಯ ಮೇಲೆ ಕಲ್ಲು ಎಳೆಯುತ್ತಿದ್ದರು, ಇದ್ದ ಒಂದಿಷ್ಟು ಬೆಳಕೂ ಹೋಗುತ್ತಿತ್ತು. ಅತ್ತರೂ ಎಳೆಯುತ್ತಿದ್ದರು.

“ಯಾರು ಕರೀತಿದ್ರು? ಚನ್ನವೀರಪ್ಪನವರೇನು?”

“ಅದನ್ನ ಕೇಳಿದ ಕೂಡಲೇ ಮಾತು ಬಂದ್ ಮಾಡಿದಳು.”

ಚನ್ನೇಶ ನನ್ನ ಕಡೆ ತಿರುಗಿದ. “ಇದು ಖರೇ ಇದ್ರ ಕೊಲಿಗೆ ಕಾರಣ ಇನ್ನೂ ಗಟ್ಟಿ ಆತಲ್ರಿ ಬಾಯಾರ.”

“ಆತು,” ಎಂದೆ. “ಆಕಿಗೊಬ್ಬಾಕಿಗಲ್ಲ. ಆ ಹಗೇವಿಗೆ ಇಳಿದ ಎಲ್ಲಾರಿಗೂ. ಮ್ಯಾಲೆ ನಿಂತು ಕರದವರಿಗೂ, ಅವರ ಗುಟ್ಟು ಮುದುಕಪ್ಪ ಎಲ್ಲೆರ ಬಾಯಿ ಬಿಡ್ತಾನ ಅಂತ ಅಂಜಿಕಿ ಇದ್ರ.”

*

ಅಷ್ಟರಲ್ಲಿ ನಿಲಯದ ಕಾರ್ಯದರ್ಶಿ ಶಂಭುಲಿಂಗ ಬಂದರು. ಬಂದರು ಎನ್ನುವುದಕ್ಕಿಂತ ಬಾಗಿಲಲ್ಲಿದ್ದರು ಎನ್ನಬೇಕು, ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನಲವತ್ತರ ಆಸುಪಾಸು, ಇಸ್ತ್ರಿಯ ಬಿಳಿ ಅಂಗಿ, ಹಣೆಯ ಮೇಲೆ ಸಣ್ಣದಾಗಿ ವಿಭೂತಿ, ಮೆತ್ತಗಿನ ಮಾತು. ದೂರು ಕೊಟ್ಟವರೂ ಇವರೇ. ಇಷ್ಟು ನಯವಾದ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ಅದು ಸಾಕ್ಷಿಯಲ್ಲ ಎಂಬುದೂ ಗೊತ್ತು.

“ಮೂರು ಗಂಟೇಕ್ಕ ಕೋರ್ಟಿಗೆ ನಾನೂ ಬರಬೇಕೇನ್ರಿ ಸಾಹೇಬ್ರ?”

“ನೋಡೂಣ ತಡೀರಿ,” ಎಂದ ಚನ್ನೇಶ. “ಕೋರ್ಟಿನ ಕೆಲಸ ಇವತ್ತ ಆಗ್ತೈತೋ ಇಲ್ಲೋ.”

ಶಂಭುಲಿಂಗರ ನಗು ಹಾಗೇ ಇತ್ತು. ಕಣ್ಣು ಮಾತ್ರ ಒಮ್ಮೆ ಸವಿತಾಳ ಕಡೆ ಹೋಗಿ ಬಂತು. ಸವಿತಾ ಮೊದಲೇ ಗೋಡೆಗೆ ಒತ್ತಿಕೊಂಡಿದ್ದಳು, ಈಗ ಮೊಣಕಾಲು ಎದೆಗೆ ಎಳೆದುಕೊಂಡಳು.

ನಾನು ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡೆ. “ನೀವು ನಿಲಯಕ್ಕ ಬಂದು ಎಷ್ಟು ವರ್ಷ ಆತ್ರಿ?”

“ಮೂರು ವರ್ಷ ಆತ್ರಿ ಬಾಯಾರ. ಅದಕ್ಕಿಂತ ಮೊದಲ ಶಿಗ್ಗಾಂವಿಯೊಳಗ ಕಾಳಿನ ವ್ಯಾಪಾರ. ಸೇವಾ ಮಾಡೂಣಂತ ಬಿಟ್ಟು ಬಂದೆ.”

“ಅದರಕಿಂತ ಮೊದಲ ನಿಲಯದ ಸಂಬಂಧ?”

“ಗೇಟಿನ ಒಳಗ ಕಾಲ ಇಟ್ಟಿರಲಿಲ್ರಿ.”

“ಸವಿತಾನ ಗುರುತು?”

“ಆಕಿ ನಿಲಯಾ ಬಿಟ್ಟು ಹದಿನೈದು ವರ್ಷ ಆತಲ್ರಿ. ನನಗ ಹೆಂಗ ಗುರುತಿರಬೇಕು? ಈ ಘಟನಾ ಆದ ಮ್ಯಾಲೆ ನೋಡಿದ್ದು.” ನಿಟ್ಟುಸಿರು ಬಿಟ್ಟರು. “ಆದ್ರೂ ಸಿಟ್ಟಿಲ್ರಿ. ನಮ್ಮ ನಿಲಯದ ಮಗಳು. ಅದಕ್ಕ ಆಕಿ ಹುಡುಗೀ ಜವಾಬ್ದಾರಿ ನಾವ ತಗೊಂಡೇವಿ.”

ಮೃಣಾಲಿನಿ ಎದ್ದು ನಿಂತಳು. “ಯಾವ ಜವಾಬ್ದಾರಿ?”

“ಶ್ವೇತಾಂದ್ರಿ. ಮುಂಜಾನೆ ಒಂಬತ್ತಕ್ಕ ಸವಣೂರಿಗೆ ಹೋಗಿ ಬಾಜೂ ಮನಿಯವರ ಕಡಿಂದ ಕರಕೊಂಡ ಬಂದೆ. ತಾಯಿ ಒಪ್ಪಿಗಿ ಐತ್ರಿ, ನಾ ಹಂಗೆಲ್ಲಾ ಕಾಯದಾ ಮೀರಿ ಹೋಗಾಂವಲ್ಲ.” ಜೇಬಿನಿಂದ ಫೋನು ತೆಗೆದರು. “ನಿನ್ನೆ ಸಂಜೀಕ ಇಲ್ಲೇ, ಈ ಕೋಣ್ಯಾಗ, ಸಾಹೇಬ್ರನ್ನ ಕೇಳಿನ ವಿಡಿಯೋ ಮಾಡಿಕೊಂಡೇನಿ.”

ನಾನು ಚನ್ನೇಶನನ್ನು ನೋಡಿದೆ. ಅವನು ನೆಲ ನೋಡಿದ. ಕೇಳಿದ್ದು ನಿಜ, ಇವನು ಹೂಂ ಎಂದದ್ದೂ ನಿಜ.

ವಿಡಿಯೋ ಓಡಿತು. ಪರದೆಯ ಮೇಲೆ ಸವಿತಾ, ಇದೇ ಗೋಡೆ, ಇದೇ ಜಾಗ. ಕ್ಯಾಮೆರಾ ಹಿಡಿದವರ ದನಿ ಮೆತ್ತಗೆ, ಎಳೆದು ಕರೆಯಿತು.

“ಸವಿತಾಽ... ಅದೀಯೇನ?”

“ಹೂನ್ರಿ.”

“ನೀ ಬರೂತನಕಾ ಶ್ವೇತಾನ್ನ ನಿಲಯದಾಗ ಇಟ್ಕೊಳ್ಳೂಣೇನ?”

“ಹೂನ್ರಿ.”

ಮೃಣಾಲಿನಿಯ ಕೈ ನನ್ನ ತೋಳನ್ನು ಹಿಡಿಯಿತು. ಹಗೇವಿನ ಮೇಲಿನಿಂದ ಬರುತ್ತಿದ್ದ ಆ ಕರೆ ಅವಳಿಗೂ ಕೇಳಿಸಿತ್ತು.

“ಇನ್ನೊಮ್ಮೆ ಹಚ್ಚರಿ,” ಎಂದೆ. “ಮೊದಲನೇ ಮಾತು ಅಷ್ಟ.”

“ಯಾಕ್ರಿ ಬಾಯಾರ?”

“ನಿಮಗೂ ಆಕಿಗೂ ನಡುವ ಒಂದು ಮಾರು ಜಾಗಾ ಇಲ್ಲ. ಎದುರಿಗೆ ಕುಂತಾಕೀನ್ನ ‘ಅದೀಯೇನ’ ಅಂತ ಯಾರರ ಕೇಳ್ತಾರೇನ್ರಿ?”

“ರೂಢಿ ಮಾತ್ರಿ.”

“ಎಲ್ಲೀ ರೂಢಿ? ಶಿಗ್ಗಾಂವಿ ಕಾಳಿನ ಅಂಗಡ್ಯಾಗ ಜೋಳಾ ತಗೋಳಾಕ ಬಂದವರನ್ನ ಹಂಗ ಕರೀತಿದ್ರೇನು?”

ಅವರು ಫೋನನ್ನು ನಿಧಾನವಾಗಿ ಜೇಬಿಗೆ ಇಳಿಸಿದರು, ಅಂಗಿಯ ಜೇಬನ್ನು ಎರಡು ಸಲ ತಟ್ಟಿ ನೋಡಿಕೊಂಡರು. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

“ಮಕ್ಕಳ ಊಟದ ಹೊತ್ತಾತ್ರಿ. ನಾ ಇಲ್ಲಂದ್ರ ಅವು ಉಣ್ಣೂದಿಲ್ಲ,” ಎಂದು ಕೈ ಮುಗಿದು ಹೊರಟರು.

“ತಡೀರಿ ಚನ್ನೇಶ, ಅವರನ್ನ ಬಿಡಬ್ಯಾಡ್ರಿ!”

“ಯಾವ ಆಧಾರದ ಮ್ಯಾಲೆ ತಡೀಲ್ರಿ? ಒಂದು ‘ಅದೀಯೇನ’ ಮ್ಯಾಲೆ?” ಎಂದ ಚನ್ನೇಶ. ಆದರೆ ಟೋಪಿ ಮತ್ತೆ ತಲೆಗೇರಿತ್ತು. ಹೊರಗೆ ಮೋಟಾರ್‌ಸೈಕಲ್ ಶುರುವಾದ ಸಪ್ಪಳ ಕೇಳಿಸಿತು. “ಮೂರರ ಕೆಲಸ ನಾ ನಿಲ್ಲಸ್ತೇನಿ. ಡಾಕ್ಟರ್ ಇಲ್ಲದ ಈಕೀನ್ನ ಯಾರ ಮುಂದೂ ನಿಲ್ಲಸೂದಿಲ್ಲ. ಸಂಜೀಮಟ ನನಗ ಟೈಮ್ ಕೊಡ್ರಿ. ಹುಡುಗಿಗೇನೂ ಆಗೂದಿಲ್ಲ. ಹಗೇವಿನ ಬಾಯಿಗೆ ನಾನ ನಿಂತು ಕಲ್ಲ ಮುಚ್ಚಿಸಿ ಸೀಲ್ ಮಾಡೇನಿ. ಒಬ್ಬ ಪೇದೇನೂ ಅಲ್ಲಿ ಕುಂತಾನ.”

ಅರ್ಧ ಗೆದ್ದೆವು ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಆಗ ಸವಿತಾ ಎದ್ದಳು. ಯಾರೂ ಏನೂ ಕೇಳಿರಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಮಾತನ್ನು ಒಳಗಿನಿಂದ ಎತ್ತಿ ತರುತ್ತ, ಚನ್ನೇಶನನ್ನಲ್ಲ, ನನ್ನನ್ನು ನೋಡಿ ಹೇಳಿದಳು.

“ಶ್ವೇತಾನ್ನ ಕೊಡು ಅಂತ ಫೋನ್ ಬಂದಿತ್ರಿ ಅವತ್ತ. ಕೊಡೂದಿಲ್ಲ ಅಂತ ಚನ್ನವೀರಪ್ಪ ಅಜ್ಜಾರಿಗೆ ಹೇಳಾಕ ಹೋಗಿದ್ದೆ. ಗೇಟ್ ದಾಟಾಕ ಆಗ್ಲಿಲ್ರಿ. ಕಾಲ ಏಳಲಿಲ್ಲ. ತಿರುಗಿ ಬಂದೆ.”

“ಯಾರ ಫೋನ್?” ಎಂದ ಚನ್ನೇಶ. ಮೃಣಾಲಿನಿ ಅವನ ಕಡೆ ಕೈ ತೋರಿಸಿ ಸುಮ್ಮನಿರಿಸಿದಳು.

“ನೀವು ಸೀಲ್ ಮಾಡಿದ್ದು ಹಿತ್ತಲ ಹಗೇವ್ರಿ. ಅದು ಕಾಳಿಂದು. ನಮ್ಮನ್ನ ಅದರಾಗ ಯಾರೂ ಇಳಿಸಿಲ್ಲ.” ಸವಿತಾ ಉಗುಳು ನುಂಗಿದಳು. “ನಮ್ಮದು ಅಡಗೀಮನಿ ಒಳಗ ಐತ್ರಿ. ಹಿಟ್ಟಿನ ಪೀಪಾಯಿ ಕೆಳಗ. ಮ್ಯಾಲೆ ಫರಸಿ ಕಲ್ಲ ಹಾಸ್ಯಾರ. ಹೊರಗ ಕುಂತವರಿಗೆ ಕೇಳೂದಿಲ್ರಿ.”

ಚನ್ನೇಶನ ಕೈ ಫೋನಿಗೆ ಹೋಯಿತು.

“ನನ್ನ ಮಗಳು ಹಟಮಾರಿ ಅದಾಳ್ರಿ,” ಎಂದಳು ಅವಳು. ಆಗ ಮೊದಲ ಬಾರಿಗೆ ಕಣ್ಣು ತುಂಬಿತು. “ಕರದ್ರ ಓ ಅನ್ನೂದಿಲ್ರಿ. ನಾನ ಹಂಗ ಬೆಳಿಸೇನಿ.”

ಚನ್ನೇಶ ಆಗಲೇ ಫೋನ್ ಕಿವಿಗೆ ಹಿಡಿದಿದ್ದ. ಹಿತ್ತಲಲ್ಲಿ ಕಾವಲಿದ್ದ ಪೇದೆ ಎತ್ತಿದ, ಅಡುಗೆಯ ಹುಚ್ಚವ್ವನನ್ನು ಕರೆಯಲು ಹೋದ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ನಾವು ಮೂವರೂ ಅದರ ಮೇಲೆ ಬಾಗಿದೆವು.

“ಹುಚ್ಚವ್ವಾ, ಮುಂಜಾನೆ ಬಂದ ಹೊಸಾ ಹುಡುಗಿ ಎಲ್ಲಿ?”

“ಹೊಸಾ ಹುಡುಗೀ? ಯಾರೂ ಬಂದಿಲ್ರಿ ಸಾಹೇಬ್ರ.” ಮುದುಕಿಯ ದನಿಯ ಹಿಂದೆ ಮಕ್ಕಳು ತಾಟು ಬಡಿಯುವ ಸಪ್ಪಳ. “ನಾ ಹತ್ತು ಗಂಟೇಕ್ಕ ಬಂದೇನ್ರಿ, ನಾ ಅಂತೂ ನೋಡಿಲ್ಲ.”

“ಅಡಗೀಮನ್ಯಾಗ ಹೋಗು. ಫೋನ್ ಹಿಡಕೊಂಡ ಹೋಗು. ಹಿಟ್ಟಿನ ಪೀಪಾಯಿ ಹತ್ರ ನಿಂತು, ಏನರ ಕೇಳಸ್ತೈತೇನ್ ನೋಡು.”

“ಹೆಂಗ ಹೋಗ್ಲಿ ಯಪ್ಪಾ? ಕಾರ್ಯದರ್ಶಿಗೋಳು ಮುಂಜಾನೇನ ಅದಕ್ಕ ಕೀಲಿ ಹಾಕ್ಕೊಂಡ ಹೋಗ್ಯಾರ. ನಾ ಅಂಗಳದಾಗ ಕಲ್ಲ ಹೂಡಿ ಅಡಗಿ ಮಾಡಾಕತ್ತೇನ್ರಿ.”